ಬೇಲಿಯಾಚೆಯ ಮಗ

ಕೊರೊನಾ ಬಂದ ಎರಡನೇ ವರ್ಷ ಯಲ್ಲದಕೆರೆ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ ಒಂದು ಸುಳ್ಳು ಹುಟ್ಟಿತು. ಹುಟ್ಟಿಸಿದವನು ರಂಗಸ್ವಾಮಿ. ಕೆಟ್ಟವನಲ್ಲ ಪಾಪ. ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಮಾಡಿಕೊಂಡು, ಹೆಂಡತಿ ಯಶೋದಾ ಬೈದರೆ ಬೈಸಿಕೊಂಡು, ತಾಯಿ ಕೆಂಚಕ್ಕ ಕೆಮ್ಮಿದರೆ ಎದ್ದು ಬೆನ್ನು ನೀವುವಂಥ ಮನುಷ್ಯ. ಸುಳ್ಳು ಹೇಳಿ ಅಭ್ಯಾಸವೇ ಇರಲಿಲ್ಲ. ಅಭ್ಯಾಸ ಇದ್ದವನಾಗಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತಿಳಿಯುತ್ತಿತ್ತು.

ಅವನ ಅಣ್ಣ ಜುಂಜಯ್ಯ ಮದುವೆ ಒಲ್ಲೆನೆಂದು ಕುರಿಗಳ ಹಿಂದೆಯೇ ಉಳಿದವನು. ಆ ಬೇಸಿಗೆಯಲ್ಲಿ ಆಶಾ ಕಾರ್ಯಕರ್ತೆ ಚಂದ್ರಕ್ಕ ಹಟ್ಟಿಗೆ ಬಂದು ಲಸಿಕೆ ಎಂದಾಗ ಗಂಡಸರೆಲ್ಲ ಒಂದೊಂದು ನೆಪ ಹೇಳಿ ಜಾರಿಕೊಂಡರು. ಮೊದಲು ಅಂಗಿಯ ತೋಳು ಮಡಚಿದವನು ಜುಂಜಯ್ಯ. "ಕುರಿಗೆ ಎಷ್ಟು ಸೂಜಿ ಹಾಕ್ಸಿಲ್ಲ ನಾನು, ನಂಗೇನು ಭಯ" ಎಂದು ನಕ್ಕ. ಅದರ ಬೆನ್ನಿಗೇ ಅವನಿಗೆ ಜ್ವರ ಬಂತು.

ಕುರಿ ಕಾಯುವವರಿಗೆ ಒಂದು ಮಾತು ಗೊತ್ತು. ಸೂಜಿ ಹಾಕಿಸಿದ ಕುರಿಯ ಮೈ ಬಿಸಿಯಾಗುತ್ತದೆ, ಮೇವು ಬಿಟ್ಟು ಮಂಕಾಗುತ್ತದೆ. ಅದನ್ನು ನೆರಳಿಗೆ ಬಿಟ್ಟು ಸುಮ್ಮನಿರಬೇಕು, ತಾನಾಗಿ ಇಳಿಯುತ್ತದೆ. ಜುಂಜಯ್ಯ ತನ್ನನ್ನೂ ಹಾಗೇ ಬಿಟ್ಟುಕೊಂಡ. ದಿಬ್ಬದಾಚೆಯ ಹೊಲದಲ್ಲಿ ಕುರಿ ಕೂಡುವ ರೊಪ್ಪದ ಪಕ್ಕ, ಹುಣಸೆ ಮರದ ಕೆಳಗೆ ಕಂಬಳಿ ಹೊದ್ದು ಮಲಗಿದ. "ಸೂಜಿ ಜ್ವರ ಕಣೋ, ಇಳೀತೈತೆ" ಎಂದು ತಮ್ಮನನ್ನೂ ವಾಪಸು ಕಳಿಸಿದ. ಸೂಜಿಯ ಜ್ವರವಾಗಿದ್ದರೆ ಇಳಿಯುತ್ತಿತ್ತು. ಇದು ಸೂಜಿಗೆ ಮೊದಲೇ ಕುರಿಸಂತೆಯಲ್ಲಿ ಹತ್ತಿದ್ದ ಕೊರೊನಾ. ಅದು ಗೊತ್ತಾಗಿ ದುರ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಕಾಲ ಮಿಂಚಿತ್ತು. ರಂಗಸ್ವಾಮಿ ಅಣ್ಣನ ಮುಖ ಕೂಡ ಸರಿಯಾಗಿ ನೋಡಲಿಲ್ಲ. ದೂರ ನಿಂತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅವನನ್ನು ಮಣ್ಣಿಗೆ ಕೊಟ್ಟು, ಹುಣಸೆ ಮರದ ಕೆಳಗೆ ಬಿದ್ದಿದ್ದ ಕಂಬಳಿಯನ್ನು ಎತ್ತಿಕೊಂಡು ಬಂದ.

ಆ ಹೊತ್ತಿಗೆ ಮನೆಯಲ್ಲಿ ಕೆಂಚಕ್ಕನೂ ಅದೇ ಕಾಯಿಲೆಯಲ್ಲಿ ಮಲಗಿದ್ದಳು. ಮೊದಲೇ ದಮ್ಮಿನ ಎದೆ. "ಈಗ ಹೇಳಬ್ಯಾಡ್ರಿ, ಮುದುಕಿ ಎದೆ ಒಡ್ಕಂತಾಳೆ" ಎಂದು ಚಂದ್ರಕ್ಕ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು. ಸರಿ, ಜುಂಜಯ್ಯ ಕುರಿ ಹೊಡೆದುಕೊಂಡು ಹೊಳಲ್ಕೆರೆ ದಾಟಿ ಬಿ.ದುರ್ಗದ ಕಡೆ ಮೇವಿಗೆ ಹೋಗಿದ್ದಾನೆ ಎಂದಾಯಿತು. ಕುರಿಯವರು ತಿಂಗಳುಗಟ್ಟಲೆ ಹೊರಗಿರುವುದು ಹೊಸದಲ್ಲ. ಇಡೀ ಹಟ್ಟಿ ಬಾಯಿಗೆ ಮಾಸ್ಕು ಕಟ್ಟಿಕೊಂಡು ಒಬ್ಬ ಮುದುಕಿಗೆ ಒಂದೇ ಸುಳ್ಳು ಹೇಳಿತು. ತಿಥಿ ಮಾಡಿದರೆ ಗೊತ್ತಾಗುತ್ತದಲ್ಲ, ಅದನ್ನೂ ಮಾಡಲಿಲ್ಲ. ಸತ್ತವನಿಗೆ ಒಂದು ಎಡೆ ಕೂಡ ಇಡದೆ ಎಲ್ಲರೂ ಸುಮ್ಮನಾದರು.

ಕೆಂಚಕ್ಕ ಬದುಕಿಕೊಂಡಳು. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ಬರೀ ನೆರಳಾಗಿ ಕಾಣುತ್ತಿದ್ದರು. ಆದರೆ ಮೂಗು ಮಾತ್ರ ಮೂಗೇ. ಕೊರೊನಾ ಬಂದವರೆಲ್ಲ ವಾಸನೆ ಹೋಯಿತು ಎಂದು ಗೋಳಾಡುತ್ತಿದ್ದರೆ, ಅವಳು ಜಗಲಿಯಲ್ಲಿ ಕೂತು ಯಾರ ಮನೆಯ ಹಾಲು ಸೀದಿದೆ, ಯಾವ ಸೊಸೆಯ ತಲೆ ಎಣ್ಣೆ ಕಂಡು ವಾರವಾಯಿತು ಎಂದು ಹೇಳುವಳು. ದಿನಾ ಸಂಜೆ ಗಾಳಿಗೆ ಮುಖವೆತ್ತಿ, "ಕುರಿ ವಾಸ್ನೆ ಬರ್ತಾ ಐತಲ್ಲ, ಜುಂಜ ಬಂದ್ನೇನೋ" ಎಂದು ಕೇಳುವಳು. ದಿಬ್ಬದಾಚೆ ಅವಳ ತಮ್ಮ ಮುದ್ದಪ್ಪನ ಕುರಿಗಳ ಜೊತೆ ಜುಂಜಯ್ಯನ ಕುರಿಗಳೂ ಇದ್ದವು. ಅಣ್ಣ ಹೋದಾಗಿನಿಂದ ಅವ್ವನ ಎದೆಗೆ ಹೆದರಿ ಮೈಗೆಲ್ಲ ಸ್ಯಾನಿಟೈಸರು ಬಳಿದುಕೊಂಡು ದೂರವೇ ಕೂರುತ್ತಿದ್ದ ರಂಗಸ್ವಾಮಿ, ನೀರು ಬಿಡುವ ನೆಪ ಹೇಳಿ ಎದ್ದು ಹೋಗುವನು.

ಮಳೆಗಾಲ ಕಳೆಯುವಷ್ಟರಲ್ಲಿ ಚಂದ್ರಕ್ಕ ಮತ್ತೆ ಬಂದಳು. "ಇನ್ನೊಂದು ಸಲ ಕೊರೊನಾ ಬಂದ್ರೆ ಈ ಎದೆ ತಡಿಯಲ್ಲ ಅಂತ ಡಾಕ್ಟ್ರು ಹೇಳವ್ರೆ. ಅಜ್ಜಿಗೆ ಲಸಿಕೆ ಹಾಕಿಸ್ಲೇಬೇಕು" ಎಂದಳು. ಕೆಂಚಕ್ಕ ಸೆರಗು ಕೊಡವಿ ಎದ್ದಳು. "ಕುರಿಗೆ ಯಾವ ಸೂಜಿ, ಯಾವಾಗ, ಎಲ್ಲ ಜುಂಜನೇ ಹೇಳೋನು. ಅವನು ಬರ್ಲಿ. ಹಾಕಿಸ್ಕ ಅಂದ್ರೆ ಹಾಕಿಸ್ಕಂತೀನಿ. ಇಲ್ಲಂದ್ರೆ ನನ್ನ ಹೆಣಕ್ಕೆ ಹಾಕ್ರಿ." ಅವಳು ಒಮ್ಮೆ ಇಲ್ಲವೆಂದರೆ ಮುಗಿಯಿತು, ಹಟ್ಟಿಯ ಪೂಜಾರಿ ಬಂದು ಹೇಳಿದರೂ ಕೇಳುವವಳಲ್ಲ.

ಆ ವಾರವೇ ರೊಪ್ಪದಲ್ಲಿ ಒಂದು ಕುರಿಯ ಮರಿ ಸತ್ತಿತು, ಇನ್ನೊಂದು ಮರಿಯ ತಾಯಿ ಸತ್ತಿತು. ತಬ್ಬಲಿ ಮರಿಯನ್ನು ಕೆಚ್ಚಲಿಗೆ ಬಿಟ್ಟರೆ ಮರಿ ಕಳೆದುಕೊಂಡ ಕುರಿ ಮೂಸಿ ನೋಡಿ ಒದೆಯುತ್ತಿತ್ತು. ಮುದ್ದಪ್ಪ ಸತ್ತ ಮರಿಯ ತೊಗಲು ಸುಲಿದು, ತಬ್ಬಲಿಯ ಮೈಗೆ ಅಂಗಿಯ ಹಾಗೆ ತೊಡಿಸಿ, ಮತ್ತೆ ಬಿಟ್ಟ. ಕುರಿ ಮೂಸಿತು. ಒಂದು ಗಳಿಗೆ ನಿಂತಿತು. ಆಮೇಲೆ ಕಾಲು ಅಗಲಿಸಿ ಹಾಲು ಕೊಟ್ಟಿತು.

"ತಾಯಿ ಕಣ್ಣು ನಂಬಲ್ಲ ಕಣೋ, ಮೂಗು ನಂಬ್ತೈತೆ" ಎಂದ ಮುದ್ದಪ್ಪ. "ಆದ್ರೆ ತೊಗಲು ಬ್ಯಾಗ ಬಿಚ್ಚಿಬಿಡಬೇಕು. ಮರ್ತ್ರೆ ಕೊಳ್ತು ಮರಿ ಮೈಗೂ ಹತ್ತುತೈತೆ."

ರಂಗಸ್ವಾಮಿ ಮಾವನ ಮಾತಿನ ಮೊದಲ ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ಹೆತ್ತವ್ವನ ಜೀವಕ್ಕೆ ಇನ್ನೊಂದು ಸುಳ್ಳು ಹೇಳಿದರೆ ಏನು ಪಾಪ ಎಂದುಕೊಂಡ. ಸಂಜೆ ರೊಪ್ಪದಲ್ಲೇ ಅಣ್ಣನ ಕಂಬಳಿ ಹೊದ್ದು, ಮಾಸ್ಕು ಕಟ್ಟಿ, ಹಟ್ಟಿಯನ್ನು ಸುತ್ತಿದ ಕಾರೆಮುಳ್ಳಿನ ಬೇಲಿಯ ಹೊರಗೆ ಬಂದು ನಿಂತ. ಕೊರೊನಾ ಬಂದಾಗಿನಿಂದ ಹೊರಗಿಂದ ಬಂದವರು ಬೇಲಿ ದಾಟಬಾರದೆಂದು ಹಟ್ಟಿಯವರೇ ಕಟ್ಟು ಮಾಡಿದ್ದರು. ಅದೂ ಅನುಕೂಲವೇ ಆಯಿತು.

"ಅವ್ವೋ" ಎಂದ, ಅಣ್ಣನ ಹಾಗೆ ಗಂಟಲು ದಪ್ಪ ಮಾಡಿ.

ಕೆಂಚಕ್ಕ ಕೋಲೂರಿಕೊಂಡು ಬೇಲಿಯ ಹತ್ತಿರ ಬಂದಳು. ಮುಳ್ಳಿನ ಸಂದಿಯಲ್ಲಿ ಕೈ ಚಾಚಿದಳು. ರಂಗಸ್ವಾಮಿ ಕಂಬಳಿಯ ಅಂಚು ಒಳಗೆ ತೂರಿಸಿದ. ಅವಳು ಅದನ್ನು ಮುಖಕ್ಕೊತ್ತಿ ಉಸಿರೆಳೆದಳು, ಬಹಳ ಹೊತ್ತು ಎಳೆದಳು.

"ಬಂದ್ಯಾ ಜುಂಜಾ" ಎಂದಳು. ಆ ದನಿಯನ್ನು ರಂಗಸ್ವಾಮಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತನ್ನ ಹೆಸರನ್ನು ಅವಳು ಯಾವತ್ತೂ ಹಾಗೆ ಕರೆದಿರಲಿಲ್ಲ. ಆದರೂ ಅಣ್ಣನ ದನಿಯಲ್ಲೇ "ಸೂಜಿ ಹಾಕಿಸ್ಕ ಅವ್ವ" ಎಂದ.

ಮಾರನೇ ದಿನ ಚಂದ್ರಕ್ಕ ಹಟ್ಟಿಯ ನಡುವಿನ ಬಯಲಲ್ಲಿ ಲಸಿಕೆಗೆ ಕುರ್ಚಿ ಹಾಕಿದಾಗ ಕೆಂಚಕ್ಕ ತಾನೇ ಹೋಗಿ ಕೂತು ತೋಳು ಕೊಟ್ಟಳು. ಅವಳ ಹಿಂದೆಯೇ ರಂಗಸ್ವಾಮಿಯೂ ಹಾಕಿಸಿಕೊಂಡ. "ಜ್ವರ ಬರ್ಬೋದು, ಕೈ ನೋಯ್ಬೋದು, ಎರಡು ದಿನ ಅಷ್ಟೆ. ಹೆಚ್ಚಾದ್ರೆ ಸುಮ್ಕಿರಬ್ಯಾಡ್ರಿ, ನಂಗೆ ಫೋನ್ ಮಾಡ್ರಿ" ಎಂದು ಚಂದ್ರಕ್ಕ ಮಾತ್ರೆ ಕೊಟ್ಟು, ಇನ್ನೊಂದು ಸೂಜಿ ಮೂರು ತಿಂಗಳು ಬಿಟ್ಟು ಎಂದಳು. ಜುಂಜಯ್ಯನ ವಿಷಯ ಆದಮೇಲೆ ಅವಳು ಆ ಮಾತನ್ನು ಪ್ರತಿ ಮನೆಯಲ್ಲೂ ಎರಡು ಸಲ ಹೇಳುತ್ತಿದ್ದಳು.

ಇಬ್ಬರಿಗೂ ಜ್ವರ ಬಂತು. ತೋಳು ಎತ್ತಲಾಗದ ನೋವು, ಹಲ್ಲು ಕಡಿಸುವ ಚಳಿ. ನಡುಮನೆಯಲ್ಲಿ ಆ ಗೋಡೆಗೆ ತಾಯಿ, ಈ ಗೋಡೆಗೆ ಮಗ ಮಲಗಿದರು. ಮಧ್ಯಾಹ್ನದ ಬಿಸಿಲು ಬಾಗಿಲಲ್ಲಿ ಬಿದ್ದಿತ್ತು. ಕೆಂಚಕ್ಕ ಕಣ್ಣು ಮುಚ್ಚಿಕೊಂಡೇ ಯಾರ ಜೊತೆಗೋ ಮಾತಾಡುತ್ತಿದ್ದಳು.

"ಇಬ್ಬರಲ್ಲಿ ಒಬ್ಬನ್ನ ತಗಂಡೆ. ತಗ. ಒಬ್ಬನ್ನ ಬಿಟ್ಟಿದೀಯಲ್ಲ, ಅಷ್ಟು ಸಾಕು."

ರಂಗಸ್ವಾಮಿ ಮೊಣಕೈಯೂರಿ ಮೇಲೆದ್ದ. "ಅವ್ವಾ, ಏನಂತೀಯ?" ಎಂದ. ಅವಳು ಅವನ ಕಡೆ ತಿರುಗಿ, ಅವನಾಚೆಯ ಗೋಡೆಯನ್ನು ನೋಡುವ ಹಾಗೆ ನೋಡಿ, ಮತ್ತೆ ಮಗ್ಗುಲಾದಳು. ಮೂರನೇ ದಿನಕ್ಕೆ ಇಬ್ಬರ ಜ್ವರವೂ ಬಿಟ್ಟಿತು, ತೋಳಿನ ನೋವೂ ಹೋಯಿತು. ಜ್ವರದ ತಲೆಯಲ್ಲಿ ಏನೋ ಬಡಬಡಿಸಿದಳು ಎಂದು ಯಶೋದಾ ಗಂಡನಿಗೆ ಸಮಾಧಾನ ಹೇಳಿದಳು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಎರಡನೇ ಸೂಜಿ ಬಾಕಿ ಇತ್ತಲ್ಲ. ಈಗ ನಿಜ ಹೇಳಿದರೆ ಅದನ್ನು ಹಾಕಿಸಿಕೊಳ್ಳುವವರು ಯಾರು? ಅಲ್ಲದೆ ಸಂಜೆಯಾದರೆ ಕೆಂಚಕ್ಕ ಬೇಲಿಯ ಹತ್ತಿರ ಹೋಗಿ ಕೂತಿರುವಳು. ಬರದಿದ್ದರೆ ಉಣ್ಣುತ್ತಿರಲಿಲ್ಲ. ಹೀಗಾಗಿ ಜುಂಜಯ್ಯ ದಿನಾ ಬರತೊಡಗಿದ. ಯಾಕೆ ಒಳಗೆ ಬರುವುದಿಲ್ಲ ಎಂದರೆ, ಬಾಗೂರಿನ ಕಡೆ ಕೊರೊನಾ ಇನ್ನೂ ಐತೆ, ಅಲ್ಲಿಗೆ ಹೋಗಿ ಬಂದು ಮಾಡ್ತೀನಿ, ಕುರಿ ಬಿಟ್ಟು ಬರಂಗಿಲ್ಲ ಎಂದು ಹೇಳುವನು.

ರಂಗಸ್ವಾಮಿ ಹುಷಾರಿನವನೇ. ಕಂಬಳಿಯ ವಾಸನೆ ಮೈಗಂಟಿ ಗುಟ್ಟು ರಟ್ಟಾದೀತೆಂದು ಪಂಪ್‌ಹೌಸಿಗೆ ಹೋಗಿ, ಸೋಪು ಹಚ್ಚಿ ಹಚ್ಚಿ ಮೈ ತೊಳೆದು, ಪಂಚಾಯ್ತಿಯವರು ಕೊಟ್ಟ ಸ್ಯಾನಿಟೈಸರನ್ನು ಕೈಗೆ, ಕುತ್ತಿಗೆಗೆ, ಎದೆಗೆ ಬಳಿದುಕೊಂಡು, ಒಗೆದ ಬಟ್ಟೆ ತೊಟ್ಟು ಮನೆಗೆ ಬರುವನು. ಬೆಳಿಗ್ಗೆ ಮತ್ತೊಮ್ಮೆ ಹಾಗೆಯೇ ತೊಳೆದುಕೊಳ್ಳುವನು. ತಾಯಿಯ ಹತ್ತಿರ ಕೂತು ಮಾತಾಡಿಸಿದರೆ ಅವಳು ಹ್ಞೂಂ ಎನ್ನುವಳು. ಆಮೇಲಾಮೇಲೆ ಅದನ್ನೂ ಅನ್ನುವುದನ್ನು ಬಿಟ್ಟಳು. ಅವನು ಒಳಗೆ ಬಂದರೆ ಅವಳು ಸೆರಗು ಹೊದ್ದು ಸುಮ್ಮನಾಗುವಳು, ತುಟಿಗಳು ಮಾತ್ರ ಆಡುತ್ತಿದ್ದವು.

ಬೇಲಿಯಾಚೆ ಇನ್ನೊಂದು ನಡೆಯುತ್ತಿತ್ತು. ಅಣ್ಣ ಸತ್ತಾಗಿನಿಂದ ರಂಗಸ್ವಾಮಿಯ ದನಿಗೆ ತಲೆ ಎತ್ತದಿದ್ದ ಕುರಿಗಳು, ಕಂಬಳಿ ಹೊದ್ದು ಕರೆದರೆ ಓಡಿ ಬಂದು ಮೊಣಕಾಲಿಗೆ ಮೈ ತಿಕ್ಕತೊಡಗಿದವು. ಬೋರೆಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುವುದನ್ನು ನೋಡುತ್ತ ಕೂತರೆ ಅವನಿಗೆ ನೀರು ಬಿಡುವ ಹೊತ್ತು ಮರೆತುಹೋಗುತ್ತಿತ್ತು. ಒಂದು ಸಂಜೆ ಮುದ್ದಪ್ಪ ದೂರದಿಂದ "ಲೇ ಜುಂಜಾ" ಎಂದು ಕೂಗಿದ. ಇವನು "ಏನ್ ಮಾವ" ಎಂದ. ಇಬ್ಬರೂ ಅಲ್ಲೇ ನಿಂತುಬಿಟ್ಟರು. ಮುದ್ದಪ್ಪ ತಲೆ ತಗ್ಗಿಸಿಕೊಂಡು ಬೇರೆ ದಾರಿ ಹಿಡಿದ. ಅಂದಿನಿಂದ ಅವನು ಸಂಜೆ ಹೊತ್ತು ರೊಪ್ಪದ ಕಡೆ ಬರುವುದನ್ನೇ ಬಿಟ್ಟ.

ಯಶೋದಾಗೆ ಭಯ ಹತ್ತಿತು. "ನಿದ್ದೇಲಿ ನಿಮ್ಮಣ್ಣನ ಹಂಗೆ ಸಿಳ್ಳೆ ಹಾಕ್ತೀರಿ" ಎಂದಳು ಒಂದು ದಿನ. "ನಂಗೆ ಬಾರದ ಸಿಳ್ಳೆ ಕಣೇ ಅದು" ಎಂದ ಇವನು. "ಅದಕ್ಕೇ ಹೇಳ್ದೆ" ಎಂದಳು ಅವಳು. "ಇನ್ನೊಂದು ಸೂಜಿ ಆದ ದಿನವೇ ಅತ್ತೆಗೆ ನಿಜ ಹೇಳ್ರಿ. ಸುಡ್ರಿ ಆ ಕಂಬಳೀನ." ಅವನೂ ಹಾಗೆಂದು ಆಣೆ ಮಾಡಿದ.

ಎರಡನೇ ಸೂಜಿಯೂ ಆಯಿತು. ಕೆಂಚಕ್ಕನಿಗೆ ಈ ಸಲ ಜ್ವರ ಅಷ್ಟಾಗಿ ಬರಲಿಲ್ಲ, ತೋಳು ಕೊಂಚ ಬಿಸಿಯಾಗಿ ಇಳಿಯಿತು. ಚಂದ್ರಕ್ಕ "ಇನ್ನೇನ್ ಭಯ ಇಲ್ಲ ಬಿಡಜ್ಜಿ" ಎಂದು ಹೋದಳು. ಅಂದು ಸಂಜೆ ರಂಗಸ್ವಾಮಿ ಕೊನೆಯ ಸಲವೆಂದುಕೊಂಡು ಕಂಬಳಿ ಹೊದ್ದ. ಬೇಲಿಯ ಹೊರಗಿನಿಂದಲೇ ಮೆಲ್ಲಗೆ ಮಾತೆತ್ತಿ, ಮಾಸ್ಕು ತೆಗೆದು, ತಾನು ಯಾರೆಂದು ಹೇಳಿ ಕಾಲಿಗೆ ಬೀಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ.

ಅವನು ಬಾಯಿ ತೆರೆಯುವ ಮೊದಲೇ ಕೆಂಚಕ್ಕ ಬೇಲಿಗೆ ಮುಖವಿಟ್ಟು ದನಿ ತಗ್ಗಿಸಿದಳು.

"ಜುಂಜಾ, ನಿನ್ನ ತಮ್ಮನ್ನ ಎಲ್ಲಿ ಮಣ್ಣು ಮಾಡಿದ್ರಿ?"

ಮಾಸ್ಕು ತೆಗೆಯಲು ಎತ್ತಿದ್ದ ಕೈಯನ್ನು ರಂಗಸ್ವಾಮಿ ಇಳಿಸಿದ.

"ನಂಗೆ ಗೊತ್ತಿಲ್ಲ ಅನ್ಕಂಡೀಯ? ಮುದುಕಿ ಎದೆ ಒಡ್ಕಂತಾಳೆ, ಹೇಳಬ್ಯಾಡ್ರಿ ಅಂತ ಚಂದ್ರಕ್ಕ ಅಂದಿದ್ದು ನನ್ನ ಕಿವಿಗೆ ಬಿತ್ತು. ಯಶೋದಾ ಕತ್ಲಲ್ಲಿ ಕುಂತು ಅತ್ತಿದ್ದೂ ಕೇಳೀನಿ. ಇಬ್ಬರಲ್ಲಿ ಯಾವನು ಅಂತ ಗೊತ್ತಾಗದೆ ದೇವ್ರಿಗೆ ಮೊರೆ ಇಟ್ಕಂಡು ಬಿದ್ದಿದ್ದೆ. ನೀನು ಬಂದೆ. ಮೂಸಿ ನೋಡ್ದೆ. ಅವತ್ತೇ ತಿಳೀತು, ಹೋಗಿದ್ದು ರಂಗ ಅಂತ."

"ಅವ್ವಾ... ರಂಗ ಮನೇಲೇ ಅವ್ನೆ ಕಣವ್ವ" ಎಂದ. ಆಗಲೂ ಅಣ್ಣನ ದನಿಯೇ ಬಂತು.

"ಬರ್ತಾನೆ, ದಿನಾ ಬರ್ತಾನೆ" ಎಂದಳು ಕೆಂಚಕ್ಕ. "ಬಂದು ನನ್ನ ಮುಂದೆ ಕುಂತು ಮಾತಾಡ್ತಾನೆ. ನೆರಳು ಕಾಣ್ತೈತೆ, ದನಿ ಕೇಳ್ತೈತೆ. ವಾಸ್ನೆ ಇಲ್ಲ ಕಣೋ. ಬೆವರಿನ ವಾಸ್ನೆ ಇಲ್ಲ, ಬೀಡಿ ವಾಸ್ನೆ ಇಲ್ಲ, ಹೆತ್ತ ಮಗನ ಮೈವಾಸ್ನೆ ಒಂದೂ ಇಲ್ಲ. ಬರೀ ಆಸ್ಪತ್ರೆ ಗಮಲು. ಜೀವ ಇರೋದು ಹಂಗಿರ್ತೈತಾ? ನಾನು ಉತ್ತರ ಕೊಟ್ರೆ ಇಲ್ಲೇ ಸುತ್ತಾಡ್ತಾನೆ ಅಂತ ಸುಮ್ಕಿದೀನಿ. ಪಾಪ, ಒಂದು ಎಡೆ ಇಟ್ಟಿಲ್ಲ ನೀವು, ಅವನೆಲ್ಲಿಗೆ ಹೋಗ್ಬೇಕು?"

ರಂಗಸ್ವಾಮಿ ಕಂಬಳಿ ಕಿತ್ತೆಸೆದು ಬೇಲಿಯ ಬಾಗಿಲಿನಿಂದ ಒಳಗೆ ಓಡಿದ. ತಾಯಿಯ ಎರಡೂ ಕೈ ಹಿಡಿದುಕೊಂಡು, "ಅವ್ವಾ, ನಾನು ಕಣವ್ವ ರಂಗ, ಬದುಕಿದೀನಿ. ಹೋಗಿದ್ದು ಅಣ್ಣ. ಇಷ್ಟು ದಿನ ಕಂಬಳಿ ಹೊದ್ದು ಬರ್ತಿದ್ದೋನು ನಾನೇ" ಎಂದು ಕೂಗಿ ಹೇಳಿದ. ಕೂಗಿಗೆ ಯಶೋದಾ ಓಡಿ ಬಂದಳು. ಅವಳೂ "ಹೌದು ಅತ್ತೆ, ಹೌದು" ಎಂದು ಅತ್ತಳು.

ಕೆಂಚಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ಆ ಕೈಗಳನ್ನು ಮೂಗಿನ ಹತ್ತಿರ ತಂದಳು. ಸ್ಯಾನಿಟೈಸರಿನಲ್ಲಿ ತಿಂಗಳುಗಟ್ಟಲೆ ನೆನೆದ ಕೈಗಳು. ಮೇಲೆ ಅಣ್ಣನ ಕಂಬಳಿಯ ಕಮಟು ಒಂದಿಷ್ಟು. ಅವಳ ಮುಖದಲ್ಲಿ ಅಯ್ಯೋ ಎನ್ನುವಂಥ ಕರುಣೆ ಮೂಡಿತು.

"ನಿಮ್ಮಣ್ಣನ್ನ ಮುಟ್ಟಿ ಬಂದ್ಯೇನಪ್ಪ" ಎಂದಳು, ತಿಂಗಳುಗಳ ಮೇಲೆ ಮೊದಲ ಸಲ ಅವನೊಡನೆ ಮಾತಾಡುತ್ತ. "ಅವನ ಮ್ಯಾಲೆ ಹೊಟ್ಟೆಕಿಚ್ಚು ಪಡಬ್ಯಾಡ. ತಾವು ಸತ್ತಿದ್ದು ಸತ್ತೋರಿಗೆ ಗೊತ್ತಾಗಲ್ಲಪ್ಪ. ಬದುಕಿದೀನಿ ಅಂತಾನೇ ಅಂತಾರೆ. ನಾಳೆ ಎಡೆ ಇಡ್ತೀನಿ. ಉಂಡು ಹೋಗು."

ಅಷ್ಟು ಹೇಳುವಷ್ಟರಲ್ಲಿ ದಮ್ಮು ಎತ್ತಿಕೊಂಡಿತು. ಯಶೋದಾ ಎದೆ ನೀವಿ ಒಳಗೆ ಕರೆದೊಯ್ದಳು. ರಂಗಸ್ವಾಮಿ ತನ್ನ ಕೈಗಳನ್ನು ತಾನೇ ಮೂಸಿ ನೋಡಿಕೊಂಡ. ಅವನಿಗೂ ಏನೂ ಸಿಗಲಿಲ್ಲ. ರಾತ್ರಿ ಸೋಪು ಮುಟ್ಟದೆ, ಬೆಳಿಗ್ಗೆ ಮೈಗೆ ನೀರು ಹಾಕದೆ ಹೊಲದಲ್ಲಿ ಬಿಸಿಲಿಗೆ ಗುದ್ದಲಿ ಹಿಡಿದು ಬೆವರಿದ. ಬೆವರಿದ ಮೈಯಲ್ಲೂ ಬಂದದ್ದು ಕಂಬಳಿಯದೇ ವಾಸನೆ.

ಮಾರನೇ ದಿನ ಮಧ್ಯಾಹ್ನ ಕೆಂಚಕ್ಕ ತಾನೇ ಒಲೆ ಮುಂದೆ ಕೂತಳು. ರಾಗಿ ಮುದ್ದೆ, ಹುರುಳಿಕಾಳು ಸಾರು, ಬೆಲ್ಲದ ಅನ್ನ, ಎಲ್ಲ ರಂಗನಿಗೆ ಇಷ್ಟವಾದದ್ದೇ. ಅಣ್ಣನಿಗೆ ಎತ್ತಿಟ್ಟು ಉಳಿದದ್ದು ನನಗೆ ಎಂದು ಚಿಕ್ಕಂದಿನಿಂದ ಮುನಿಸಿಕೊಂಡವನು ಅವನು. ತನಗೇನು ಇಷ್ಟವೆಂದು ಅವ್ವನಿಗೆ ಇಷ್ಟು ಸರಿಯಾಗಿ ಗೊತ್ತಿತ್ತೆಂದು ಅವನಿಗೆ ಇವತ್ತೇ ತಿಳಿದದ್ದು. ಅವನು ನಡುಮನೆಯಲ್ಲಿ ನಿಂತು ನೋಡುತ್ತಿದ್ದ, ಅಳು ಬರುತ್ತಿತ್ತು. ಅವಳು ಮುತ್ತುಗದ ಎಲೆಯ ಮೇಲೆ ಬಡಿಸಿ, ಊದುಬತ್ತಿ ಹಚ್ಚಿ, "ರಂಗಸ್ವಾಮೀ, ಉಣ್ಣಪ್ಪ" ಎಂದಳು. ಪದ್ಧತಿಯಂತೆ ಬಾಗಿಲು ಮುಂದೆ ಮಾಡಿ ಹೊರಗೆ ಹೋಗಿ ಕೂತಳು.

ಒಳಗೆ ಅವನೊಬ್ಬನೇ ಉಳಿದ. ಮುಟ್ಟದಿದ್ದರೆ ಸತ್ತವನು ಸಿಟ್ಟಾಗಿದ್ದಾನೆಂದು ಅವಳು ಎದೆ ಬಡಿದುಕೊಳ್ಳುವಳು, ಆ ಎದೆ ಎಷ್ಟು ತಡೆದೀತು? ಉಂಡರೆ? ಬಾಗಿಲಾಚೆ ಅವಳ ದಮ್ಮಿನ ಸುಯ್ಯೆನ್ನುವ ಸದ್ದು ಏರುತ್ತ ಇಳಿಯುತ್ತ ಇತ್ತು. ಅವನು ನೆಲಕ್ಕೆ ಕೂತು ಮುದ್ದೆ ಮುರಿದ. ಬಿಸಿಯಾಗಿತ್ತು, ರುಚಿಯಾಗಿತ್ತು. ಒಂದಗಳು ಬಿಡದೆ ಉಂಡ.

ಕೆಂಚಕ್ಕ ಕದ ತಟ್ಟಿ, ತಡೆದು, ಒಳಗೆ ಬಂದಳು. ಬಗ್ಗಿ ಎಲೆಯನ್ನು ತಡವಿದಳು. ಕೈ ಎಲೆಯ ಈ ತುದಿಯಿಂದ ಆ ತುದಿಗೆ ಹೋಯಿತು. ರಂಗಸ್ವಾಮಿ ಮೊಳದಷ್ಟು ಹತ್ತಿರದಲ್ಲಿ ಗೋಡೆಗೊರಗಿ ನಿಂತಿದ್ದ.

"ಉಂಡ ಕಣೇ ಯಶೋದಾ!" ಎಂದಳು. ಮುದುಕಿಯ ಮುಖ ಬೆಳಗಿಹೋಯಿತು. "ಪೂರ್ತಿ ಉಂಡು ಹೋಗವ್ನೆ ನನ್ನ ಕಂದ. ಇನ್ನ ಬರಲ್ಲ. ಅಳಬ್ಯಾಡ ನೀನು. ಜುಂಜ ಅವ್ನೆ, ನೋಡ್ಕಂತಾನೆ."

ಯಶೋದಾ ಅತ್ತೆಯ ಹೆಗಲ ಮೇಲಿನಿಂದ ಗಂಡನನ್ನು ನೋಡಿದಳು. ಮಾತಾಡ್ರಿ ಎಂದು ಅವಳ ಕಣ್ಣುಗಳು ಹೇಳಿದವೋ, ಸುಮ್ಮನಿರಿ ಎಂದು ಹೇಳಿದವೋ ಅವನಿಗೆ ತಿಳಿಯಲಿಲ್ಲ. ಅವ್ವಾ ಎನ್ನಲು ತೆರೆದ ಬಾಯನ್ನು ಅವನು ಮುಚ್ಚಿಕೊಂಡ. ಈಗ ಆ ಒಂದು ಮಾತಾಡಿದರೆ ಅವಳ ಮಗ ಇನ್ನೊಮ್ಮೆ ಸಾಯಬೇಕಿತ್ತು. ಅವನು ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಹೊಸ್ತಿಲು ದಾಟಿದ.

ಹೊತ್ತು ಇಳಿಯುವಾಗ ಕೆಂಚಕ್ಕ ಎಂದಿನಂತೆ ಬೇಲಿಯ ಹತ್ತಿರ ಹೋಗಿ ಕೂತಳು. ಹೆಚ್ಚು ಕಾಯಬೇಕಾಗಲಿಲ್ಲ.

"ಬಂದ್ಯಾ ಜುಂಜಾ?"

"ಬಂದೆ ಕಣವ್ವ" ಎಂದ. ಗಂಟಲು ದಪ್ಪ ಮಾಡುವ ಕೆಲಸವೇ ಬೀಳಲಿಲ್ಲ.